ಅಟ್ಟಾನೋ, ಆಕ್ರೊಮಿರ್ಮೆಕ್ಸೋ, ಟ್ರಾಕಿಮಿರ್ಮೆಕ್ಸೋ? ಪ್ರಯೋಗಾಲಯಕ್ಕೆ ಯಾವ ಬೇಸಾಯಗಾರ ಇರುವೆ

ಶಿಲೀಂಧ್ರ ಬೆಳೆಸುವ ಇರುವೆ ಅಂದ ಕೂಡಲೇ ಕಣ್ಣಿಗೆ ಬರುವುದು ಎಲೆಯ ಚೂರುಗಳನ್ನು ಎತ್ತಿ ಹಿಡಿದು ಸಾಲಾಗಿ ಸಾಗುವ ಅಟ್ಟಾ. ಸಂಶೋಧನೆಗೆಂದು ಗೂಡು ಸಾಕಲು ಹೊರಟವರಲ್ಲಿ ಬಹಳ ಮಂದಿ ಮೊದಲು ಕೇಳುವುದೂ ಅದನ್ನೇ. ನಮ್ಮ ಪ್ರಕಾರ ಅಟ್ಟಾ ಕೊನೆಗೆ ಯೋಚಿಸಬೇಕಾದ ಆಯ್ಕೆ. ಈ ಇರುವೆಗಳ ಗುಂಪಿನಲ್ಲಿ ಸುಮಾರು 250 ಪ್ರಭೇದಗಳಿವೆ, ಎಲ್ಲವೂ ಅಮೆರಿಕ ಖಂಡಗಳವು, ಅರ್ಜೆಂಟೀನಾದಿಂದ ನ್ಯೂಯಾರ್ಕಿನ ಲಾಂಗ್ ಐಲೆಂಡ್‌ವರೆಗೆ ಹರಡಿಕೊಂಡಿವೆ. ಹಸಿ ಎಲೆ ಕತ್ತರಿಸುವವು ಅವುಗಳಲ್ಲಿ ಐವತ್ತರ ಆಸುಪಾಸು ಮಾತ್ರ. ಉಳಿದವು ಕಂಬಳಿಹುಳುವಿನ ಹಿಕ್ಕೆ, ಉದುರಿದ ಹೂವಿನ ಎಸಳು, ಬೀಜದ ಸಿಪ್ಪೆ ಇಂಥದನ್ನೇ ಗೊಬ್ಬರ ಮಾಡಿಕೊಂಡು ಸದ್ದಿಲ್ಲದೆ ಬೇಸಾಯ ಮಾಡುತ್ತವೆ. ಪ್ರಯೋಗಾಲಯದಲ್ಲಿ ಈ ಸದ್ದಿಲ್ಲದವೇ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಮೊದಲು ಅಳತೆಗೋಲು

ಎಲ್ಲಕ್ಕಿಂತ ಮುಂಚೆ ಇತ್ಯರ್ಥ ಮಾಡಿಕೊಳ್ಳಬೇಕಾದ್ದು: ನಿಮ್ಮ ಪ್ರಶ್ನೆಗೆ ಒಂದಕ್ಕೊಂದು ಸಂಬಂಧವಿಲ್ಲದ ಗೂಡುಗಳು ಎಷ್ಟು ಬೇಕು? ದೊಡ್ಡ ಅಟ್ಟಾ ಗೂಡೊಂದರಿಂದ ಚಮಚೆ ಚಮಚೆಯಾಗಿ ತೋಟ (ಇರುವೆಗಳು ತಿನ್ನಲೆಂದು ಬೆಳೆಸುವ ಶಿಲೀಂಧ್ರದ ಮುದ್ದೆ) ತೆಗೆದು ಮೂವತ್ತು ರಾಣಿಯಿಲ್ಲದ ಉಪಗೂಡು ಮಾಡಬಹುದು ನಿಜ. ಆದರೆ ಆ ಮೂವತ್ತರಲ್ಲೂ ಇರುವುದು ಒಂದೇ ತಾಯಿಯ ಮಕ್ಕಳು, ಒಂದೇ ತಳಿಯ ಶಿಲೀಂಧ್ರ, ಒಂದೇ ಬ್ಯಾಕ್ಟೀರಿಯಾ. ಲೆಕ್ಕಕ್ಕೆ ಅವು ಮೂವತ್ತಲ್ಲ, ಒಂದು. ಹತ್ತು ಅಟ್ಟಾ ಗೂಡು ಸಾಕಲು ಒಂದು ಕೋಣೆಯೇ ಬೇಕು. ಎಲೆ ಕತ್ತರಿಸದ ಟ್ರಾಕಿಮಿರ್ಮೆಕ್ಸ್‌ನ ಹತ್ತು ಗೂಡುಗಳಿಗೆ ಒಂದು ಶೆಲ್ಫ್ ಸಾಕು, ಮೇಲಿನ ಸಾಲು ಖಾಲಿಯೇ ಉಳಿದೀತು.

ಎರಡನೆಯದು ವರ್ಷವಿಡೀ ಎಲೆ ಸಿಗುತ್ತದೆಯೇ ಎಂಬುದು. ಕೋಪನ್‌ಹೇಗನ್‌ನಲ್ಲೋ ಮಿಷಿಗನ್‌ನಲ್ಲೋ ಜನವರಿಯಲ್ಲಿ ಹಸಿ ಎಲೆ ಎಲ್ಲಿಂದ ತರುತ್ತೀರಿ ಎನ್ನುವುದಕ್ಕೆ ಉತ್ತರವಿಲ್ಲದಿದ್ದರೆ ಎಲೆ ಕತ್ತರಿಸುವ ಇರುವೆಯ ಗೊಡವೆಗೆ ಹೋಗಬೇಡಿ. ಮೂರನೆಯದು ಕೈ. ಡಬ್ಬಿ, ಪ್ಲಾಸ್ಟರ್, ಟ್ಯೂಬು ಅಗ್ಗ. ದುಬಾರಿಯಾಗುವುದು ಹಗಲಿರುಳು ಒಂದೇ ಉಷ್ಣಾಂಶ ಇರುವ ಕೋಣೆ ಮತ್ತು ಹಬ್ಬ, ಭಾನುವಾರ ಎನ್ನದೆ ಬಂದು ಎಲೆ ಹಾಕುವ ಮನುಷ್ಯ. ಇನ್ನು ಪರವಾನಗಿ ಮತ್ತು ತಪ್ಪಿಸಿಕೊಂಡರೆ ಆಗುವ ಅಪಾಯ. ಇವೆರಡೂ ಒಂದೇ ನಾಣ್ಯ: ಯಾವುದು ಬೆಳೆಗೆ ಹೆಚ್ಚು ಅಪಾಯವೋ ಅದರ ಕಾಗದಪತ್ರವೂ ಅಷ್ಟೇ ದಪ್ಪ.

ಅಟ್ಟಾ: ಸಾಲು, ಸೈನಿಕ, ಸಂಚಾರ ನೋಡಬೇಕಾದವರಿಗೆ

ಟೆಕ್ಸಾಸ್ ಮತ್ತು ಲೂಸಿಯಾನಾದಲ್ಲಿ ಸಿಗುವುದು ಅಟ್ಟಾ ಟೆಕ್ಸಾನಾ. ಪನಾಮಾದಲ್ಲಿ ಕೊಲಂಬಿಕಾ, ಸೆಫಲೋಟಿಸ್. ಬ್ರೆಜಿಲ್‌ನಲ್ಲಿ ಸೆಕ್ಸ್‌ಡೆನ್ಸ್. ಕಾಡಿನಲ್ಲಿ ಬಲಿತ ಗೂಡಿನಲ್ಲಿ ಲಕ್ಷಗಟ್ಟಲೆಯಿಂದ ಹಲವು ದಶಲಕ್ಷ ಕೆಲಸಗಾರರು. ಪ್ರಯೋಗಾಲಯದಲ್ಲಿ ಗೂಡಿನ ಗಾತ್ರವನ್ನು ನೀವೇ ಹಿಡಿದಿಡಬೇಕು: ತೋಟದ ಡಬ್ಬಿ ಎಷ್ಟು ಕೊಡುತ್ತೀರೋ ಗೂಡು ಅಷ್ಟೇ. ಲೀಟರಿನ ನಾಲ್ಕು ಡಬ್ಬಿ ಕೊಟ್ಟು ಅಲ್ಲಿಗೆ ನಿಲ್ಲಿಸಿದರೆ ಸಂಭಾಳಿಸಬಹುದು. ಸಂಕಟ ಎಂದರೆ, ಸೈನಿಕ ಇರುವೆಗಳು ಗೂಡು ಸಾಕಷ್ಟು ದೊಡ್ಡದಾದ ಮೇಲೆ ಮಾತ್ರ ಹುಟ್ಟುತ್ತವೆ. ಸೈನಿಕರ ಅಧ್ಯಯನಕ್ಕೆಂದೇ ಅಟ್ಟಾ ತಂದವರು ಗಾತ್ರ ಕುಗ್ಗಿಸುವ ಹಾಗಿಲ್ಲ.

ದಾರಿ ಹುಡುಕುವುದು, ಹೊರೆ ಹಂಚಿಕೆ, ಕಸ ವಿಲೇವಾರಿ, ಗಾತ್ರಕ್ಕೆ ತಕ್ಕ ಕೆಲಸ ಇಂಥ ಪ್ರಶ್ನೆಗಳಿಗೆ ಅಟ್ಟಾಗೆ ಸಾಟಿಯಿಲ್ಲ. ಕಸದ ವಿಚಾರವಾದರೆ ಕೊಲಂಬಿಕಾವನ್ನೇ ಆರಿಸಿ; ಅದು ಕಸವನ್ನು ಗೂಡಿನ ಹೊರಗೆ ನೆಲದ ಮೇಲೆ ಗುಡ್ಡೆ ಹಾಕುತ್ತದೆ, ಉಳಿದವು ಹೆಚ್ಚಾಗಿ ನೆಲದೊಳಗೆ ಹುದುಗಿಸುತ್ತವೆ. ಆದರೆ ಇರುವೆಯ ಮೈಮೇಲೆ ಬದುಕಿ ಪ್ರತಿಜೀವಕ ತಯಾರಿಸುವ ಸ್ಯೂಡೊನೊಕಾರ್ಡಿಯ ಬ್ಯಾಕ್ಟೀರಿಯಾ ನಿಮ್ಮ ವಿಷಯವಾದರೆ ಅಟ್ಟಾ ತಪ್ಪು ಪ್ರಾಣಿ. ಆ ಜೊತೆಗಾರಿಕೆಯನ್ನು ಈ ಕುಲ ಕಳೆದುಕೊಂಡಿದೆ, ರಕ್ಷಣೆಗೆ ಎದೆಯ ಗ್ರಂಥಿಯ ಸ್ರಾವವನ್ನೇ ಹೆಚ್ಚು ನೆಚ್ಚಿಕೊಂಡಿದೆ.

ತಪ್ಪಿಸಿಕೊಳ್ಳುವುದರಲ್ಲೂ ಇದು ಮುಂದು. ಮೆದು ಟ್ಯೂಬನ್ನು ಕಡಿಯುತ್ತದೆ. ಜಾರುವ ಫ್ಲೂವಾನ್ ಬಳಿದ ಗೋಡೆಗೆ ಎಲೆ ಚೂರುಗಳನ್ನು ಒಟ್ಟಿ ಇಳಿಜಾರು ಮಾಡಿಕೊಂಡು ಹತ್ತಿ ಬರುತ್ತದೆ. ಆದ್ದರಿಂದ ಗೋಡೆಯ ಲೇಪ ಒಂದೇ ಸಾಲದು, ಇಡೀ ತೊಟ್ಟಿಯನ್ನು ನೀರಿನ ಅಥವಾ ಮಿನರಲ್ ಆಯಿಲ್‌ನ ತಟ್ಟೆಯೊಳಗೆ ಇಡಬೇಕು.

ಆಕ್ರೊಮಿರ್ಮೆಕ್ಸ್: ಮಧ್ಯದ ದಾರಿ

ಎಲೆ ಕತ್ತರಿಸುವುದೂ ಬೇಕು, ಕೋಣೆಯೂ ಚಿಕ್ಕದು ಎನ್ನುವವರಿಗೆ ಇದು. ಪನಾಮಾದ ಗಂಬೋವಾ ಸುತ್ತಮುತ್ತ ಸಿಗುವ ಆಕ್ರೊಮಿರ್ಮೆಕ್ಸ್ ಎಕಿನೇಟಿಯರ್ ಯುರೋಪಿನ ಪ್ರಯೋಗಾಲಯಗಳಲ್ಲಿ, ಮುಖ್ಯವಾಗಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ, ದೀರ್ಘಕಾಲ ಚೆನ್ನಾಗಿ ನೆಲೆಯೂರಿದೆ. 2011ರಲ್ಲಿ ಇದರ ಜೀನೋಮ್ ಪ್ರಕಟವಾಯಿತು. ಅಟ್ಟಾ ಸೆಫಲೋಟಿಸ್‌ನದ್ದೂ ಅದೇ ವರ್ಷ. ಹಾಗಾಗಿ ಜೀನ್ ಮಟ್ಟದ ಕೆಲಸಕ್ಕೆ ಎರಡಕ್ಕೂ ಬುನಾದಿ ಇದೆ, ಆ ಕಾರಣಕ್ಕಾಗಿ ಅಟ್ಟಾವನ್ನೇ ಹಿಡಿಯಬೇಕಿಲ್ಲ.

ಬೀಕರ್‌ನಡಿ ಒಂದು ಲೀಟರ್ ತೋಟ ಇದ್ದರೆ ಸಾವಿರಾರು ಕೆಲಸಗಾರರು ಇರುತ್ತಾರೆ, ಉಪಗೂಡುಗಳಿಗೆ ಧಾರಾಳ. ಕೆಲಸಗಾರರಲ್ಲಿ ದೊಡ್ಡವು, ಚಿಕ್ಕವು ಎಂದು ಎದ್ದು ಕಾಣುವ ಎರಡು ಗಾತ್ರ. ವರ್ಗೀಕರಣ ಅಟ್ಟಾದಷ್ಟು ಗೋಜಲಿಲ್ಲ. ಹೊಸದಾಗಿ ಹೊರಬಂದ ದೊಡ್ಡ ಕೆಲಸಗಾರ ಇರುವೆಯನ್ನು ಲೆನ್ಸ್ ಕೆಳಗೆ ಹಿಡಿದು ನೋಡಿ: ಮೊದಲ ದಿನಗಳಲ್ಲಿ ಮೈ ತಿಳಿಕಂದು, ನುಣುಪು. ಮುಂಗಾಲುಗಳ ಬುಡದ ನಡುವೆ, ಎದೆಯ ಕೆಳಭಾಗದಲ್ಲಿ ಬಿಳಿ ಚುಕ್ಕೆಯಾಗಿ ಶುರುವಾದ ಸ್ಯೂಡೊನೊಕಾರ್ಡಿಯ ಬ್ಯಾಕ್ಟೀರಿಯಾ ಎರಡು ವಾರದೊಳಗೆ ಮೈಯೆಲ್ಲ ಹರಡಿ ಹಿಟ್ಟು ಬಳಿದ ಹಾಗಾಗುತ್ತದೆ. ಮುಂದೆ ಇರುವೆಗೆ ವಯಸ್ಸಾಗಿ ಹೊರಗಿನ ಕೆಲಸಕ್ಕೆ ಇಳಿದಂತೆ ಮತ್ತೆ ತೆಳುವಾಗಿ ಎದೆಗಷ್ಟೇ ಉಳಿಯುತ್ತದೆ. ಬ್ಯಾಕ್ಟೀರಿಯಾ ಎಣಿಸುವ ಪ್ರಯೋಗದಲ್ಲಿ ಇರುವೆಯ ವಯಸ್ಸು ಲೆಕ್ಕಕ್ಕೆ ಹಿಡಿಯದಿದ್ದರೆ ಅಂಕಿಗಳು ಚೆಲ್ಲಾಪಿಲ್ಲಿ ಆಗುವುದು ಇದಕ್ಕೇ.

ಗಂಬೋವಾದಿಂದ ತರುವಾಗ ಒಂದು ಎಚ್ಚರ. ಅದೇ ಕುಲದ ಇನ್‌ಸಿನ್ಯುಯೇಟರ್ ಎಂಬ ಪರಾವಲಂಬಿ ಇರುವೆ ಎಕಿನೇಟಿಯರ್ ಗೂಡಿನೊಳಗೇ ಸೇರಿಕೊಂಡು ಅವರ ದುಡಿಮೆಯಲ್ಲಿ ತನ್ನ ಮಕ್ಕಳನ್ನು ಬೆಳೆಸುತ್ತದೆ, ನೋಡಲು ಹೆಚ್ಚುಕಡಿಮೆ ಒಂದೇ ಥರ. ಅಗೆದ ಗೂಡಿನಲ್ಲಿ ಒಂದಕ್ಕಿಂತ ಹೆಚ್ಚು ರಾಣಿ ಸಿಕ್ಕರೆ ಖುಷಿಪಡುವ ಮೊದಲು ಪ್ರಭೇದ ಖಾತ್ರಿ ಮಾಡಿಕೊಳ್ಳಿ.

ಅರಿಜೋನಾದ ಮರುಭೂಮಿಯ ಆಕ್ರೊಮಿರ್ಮೆಕ್ಸ್ ವರ್ಸಿಕಲರ್ ಇನ್ನೊಂದು ಬಗೆ. ಬೇಸಿಗೆ ಕೊನೆಯ ಮಳೆ ಬಿದ್ದ ಮೇಲೆ ಹಾರಿ ಬಂದ ರಾಣಿಯರು ಹಲವು ಜನ ಒಟ್ಟಿಗೆ ಒಂದೇ ಗೂಡು ಕಟ್ಟುತ್ತಾರೆ. ಸಹಕಾರ, ಜಗಳ ಎಂಬ ವಿಷಯದವರಿಗೆ ಇದು ಅಪರೂಪದ ಅವಕಾಶ.

ಟ್ರಾಕಿಮಿರ್ಮೆಕ್ಸ್ ಮತ್ತು ಅದರ ಬಳಗ: ನಮ್ಮ ಮೊದಲ ಶಿಫಾರಸು

ಹಳೆಯ ಪ್ರಬಂಧಗಳಲ್ಲಿ ಟ್ರಾಕಿಮಿರ್ಮೆಕ್ಸ್ ಎಂದಿದ್ದ ಹಲವು ಪ್ರಭೇದಗಳು 2019ರ ಪರಿಷ್ಕರಣೆಯಲ್ಲಿ ಬೇರೆ ಕುಲಗಳಿಗೆ ಹೋದವು. ಪನಾಮಾದ ಜೆಟೆಕಿ ಈಗ ಮೈಸಿಟೊಮೊಲ್ಲೇರಿಯಸ್ ಜೆಟೆಕಿ, ಕಾರ್ನೆಟ್ಜಿ ಈಗ ಪ್ಯಾರಾಟ್ರಾಕಿಮಿರ್ಮೆಕ್ಸ್. ಸಾಹಿತ್ಯ ಹುಡುಕುವಾಗ ಎರಡು ಹೆಸರಲ್ಲೂ ಹುಡುಕಿ.

ಗೂಡಿನಲ್ಲಿ ಕೆಲವು ನೂರರಿಂದ ಸಾವಿರದಷ್ಟು ಇರುವೆ, ಎಲ್ಲವೂ ಹೆಚ್ಚುಕಡಿಮೆ ಒಂದೇ ಗಾತ್ರ. ನಿಧಾನ ನಡಿಗೆ. ಮುಟ್ಟಿದರೆ ಕಾಲು ಮುದುಡಿ ಸತ್ತ ಹಾಗೆ ಬಿದ್ದುಕೊಳ್ಳುತ್ತವೆ, ಚಿಮಟಿಯಲ್ಲಿ ಎಣಿಸಲು ಇಷ್ಟು ಅನುಕೂಲದ ಇರುವೆ ಇನ್ನೊಂದಿಲ್ಲ. ತೋಟ ಒಂದು ಮುಷ್ಟಿ ಗಾತ್ರ. ಸ್ಯೂಡೊನೊಕಾರ್ಡಿಯ ಮೈತುಂಬ. ಶಿಲೀಂಧ್ರ, ಪರಾವಲಂಬಿ ಬೂಷ್ಟು, ಬ್ಯಾಕ್ಟೀರಿಯಾ ಈ ಮೂರರ ಸಂಬಂಧ ನೋಡುವವರಿಗೆ, ಹದಿನೈದು ಇಪ್ಪತ್ತು ಸ್ವತಂತ್ರ ಗೂಡು ಬೇಕಾದವರಿಗೆ, ಒಬ್ಬರೇ ಎಲ್ಲ ನಿಭಾಯಿಸುವ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಇದೇ ಸರಿ. ವಾರಕ್ಕೆ ಎರಡು ಸಲ ಉಣಿಸು ಸಾಕು.

ಅಮೆರಿಕದ ಪೂರ್ವ ಭಾಗದಲ್ಲಿರುವವರಿಗೆ ಟ್ರಾಕಿಮಿರ್ಮೆಕ್ಸ್ ಸೆಪ್ಟೆಂಟ್ರಿಯೊನಾಲಿಸ್ ಮನೆ ಬಾಗಿಲಲ್ಲೇ ಸಿಗುತ್ತದೆ. ಓಕ್ ಮತ್ತು ಪೈನ್ ಇರುವ ಮರಳು ನೆಲದಲ್ಲಿ ಅರ್ಧಚಂದ್ರಾಕಾರದ ಮರಳ ದಿಬ್ಬ ಕಂಡರೆ ಅದರದ್ದೇ ಬಾಗಿಲು. ಅಗೆಯುವಾಗ ಬಾಗಿಲಿನ ಮೇಲಿಂದ ನೇರ ಗುದ್ದಲಿ ಹಾಕಬೇಡಿ. ಒಂದು ಮೊಳ ದೂರದಲ್ಲಿ ಗುಂಡಿ ತೋಡಿ, ಅಡ್ಡಕ್ಕೆ ಚಮಚೆಯಲ್ಲಿ ಮಣ್ಣು ಕೆರೆಯುತ್ತ ಗೂಡಿನ ಕಡೆ ಸಾಗಿ. ಕೋಣೆ ಬಗಲಿನಿಂದ ತೆರೆದುಕೊಂಡರೆ ತೋಟ ತೂಗಾಡುತ್ತಿರುವುದು ಕಾಣುತ್ತದೆ, ಕುಸಿಯದೆ ಸಿಗುತ್ತದೆ. ರಾಣಿ ಬಹುತೇಕ ತೋಟದೊಳಗೇ ಇರುತ್ತಾಳೆ. ಈ ಪ್ರಭೇದಕ್ಕೆ ಚಳಿಗಾಲದ ವಿಶ್ರಾಂತಿ ಉಂಟು, ತೋಟ ಸೊರಗಿ ಚಿಕ್ಕದಾಗುತ್ತದೆ. ವರ್ಷವಿಡೀ ಒಂದೇ ಬೆಳವಣಿಗೆ ಬೇಕಾದ ಪ್ರಯೋಗಕ್ಕೆ ಪನಾಮಾದ ಪ್ರಭೇದಗಳೇ ವಾಸಿ. ಜೆಟೆಕಿಯ ಗೂಡನ್ನು ತೊರೆಯ ದಂಡೆಯಲ್ಲಿ ಕಿವಿಯ ಆಕಾರದ ಮಣ್ಣಿನ ಬಾಗಿಲಿನಿಂದ ಗುರುತಿಸಬಹುದು.

ಕೊರತೆಯೂ ಇದೆ. ಪ್ರೋಟೀನು ತೆಗೆಯಲು, ಆರ್‌ಎನ್‌ಎ ತೆಗೆಯಲು ಗ್ರಾಂಗಟ್ಟಲೆ ತೋಟ ಬೇಕು ಅಂದರೆ ಈ ಇರುವೆ ಕೈಚೆಲ್ಲುತ್ತದೆ. ಎಲೆ ಕತ್ತರಿಸುವ ವರ್ತನೆ ನೋಡಲೂ ಆಗದು.

ಇನ್ನೂ ಚಿಕ್ಕವು

ಸೈಫೊಮಿರ್ಮೆಕ್ಸ್, ಮೈಕೊಸೆಪ್ಯೂರಸ್, ಅಪ್ಟೆರೊಸ್ಟಿಗ್ಮ ಇವು ಬೇಸಾಯದ ಮೂಲ ರೂಪಕ್ಕೆ ಹತ್ತಿರ ಎಂಬ ಕಾರಣಕ್ಕೆ ವಿಕಾಸದ ಪ್ರಶ್ನೆಗಳವರಿಗೆ ಬೇಕು. ಗೂಡಿನಲ್ಲಿ ಹತ್ತಾರರಿಂದ ಕೆಲವು ನೂರು ಇರುವೆ. ಇವುಗಳಲ್ಲಿ ಹಲವು ಬೆಳೆಸುವ ಶಿಲೀಂಧ್ರ ಕಾಡಿನಲ್ಲಿ ಇರುವೆಯಿಲ್ಲದೆಯೂ ಬದುಕಬಲ್ಲದು, ಪ್ರಯೋಗಾಲಯದಲ್ಲಿ ಶಿಲೀಂಧ್ರ ಬೆಳೆಸುವ ಆಲೂಗಡ್ಡೆ ಡೆಕ್ಸ್‌ಟ್ರೋಸ್ ಅಗರ್ ಮೇಲೆ ಸಲೀಸಾಗಿ ಬೆಳೆಯುತ್ತದೆ. ಎಲೆ ಕತ್ತರಿಸುವವರ ಶಿಲೀಂಧ್ರ ಲ್ಯುಕೊಅಗಾರಿಕಸ್ ಗಾಂಜಿಲೊಫೊರಸ್ ಅದೇ ಅಗರ್ ಮೇಲೆ ವಾರಗಟ್ಟಲೆ ತೆವಳುತ್ತದೆ. ಶಿಲೀಂಧ್ರವನ್ನು ಅದಲು ಬದಲು ಮಾಡುವ ಪ್ರಯೋಗ ಯೋಚಿಸುವವರಿಗೆ ಈ ವ್ಯತ್ಯಾಸ ದೊಡ್ಡದು.

ಮೈಕೊಸೆಪ್ಯೂರಸ್ ಸ್ಮಿಥಿಯ ಹೆಚ್ಚಿನ ನೆಲೆಗಳಲ್ಲಿ ಗಂಡೇ ಇಲ್ಲ, ರಾಣಿ ಗಂಡಿನ ಹಂಗಿಲ್ಲದೆ ಹೆಣ್ಣು ಮಕ್ಕಳನ್ನು ಹಡೆಯುತ್ತಾಳೆ. ತಳಿಭೇದದ ಗದ್ದಲ ಬೇಡ ಎನ್ನುವವರಿಗೆ ವರ. ಸೈಫೊಮಿರ್ಮೆಕ್ಸ್ ರಿಮೋಸಸ್ ಬಳಗ ಶಿಲೀಂಧ್ರವನ್ನು ಎಳೆಯಾಗಿ ಅಲ್ಲ, ಯೀಸ್ಟ್‌ನ ಅರ್ಧ ಮಿಲಿಮೀಟರಿನ ಹಳದಿ ಉಂಡೆಗಳಾಗಿ ಬೆಳೆಸುತ್ತದೆ. ಡಬ್ಬಿಯ ತಳಕ್ಕೆ ಹಾಸಿದ ಒದ್ದೆ ಪ್ಲಾಸ್ಟರ್ ಒಣಗಿದರೆ ಒಂದೇ ದಿನದಲ್ಲಿ ಉಂಡೆ ಕರಟಿ ಹೋದಾವು. ಅಪ್ಟೆರೊಸ್ಟಿಗ್ಮ ಕೊಳೆತ ಮರದ ದಿಮ್ಮಿಯ ಕೆಳಗೆ ಬಿಳಿ ಪರದೆಯೊಳಗೆ ತೋಟ ನೇತುಹಾಕುತ್ತದೆ. ಡಬ್ಬಿಗೆ ಹಾಕಿದಾಗ ಮುಚ್ಚಳದ ಒಳಮೈ ಒರಟಾಗಿದ್ದರೆ ಮತ್ತೆ ನೇತುಹಾಕುತ್ತದೆ.

ರಾಣಿಯೋ, ಅಗೆದ ಗೂಡೋ

ಪ್ರಭೇದ ಆರಿಸಿದ ಮೇಲಿನ ದೊಡ್ಡ ಗೊಂದಲ ಇದು. ಹಾರಾಟದ ದಿನ ರಾಣಿಯರನ್ನು ಹಿಡಿದರೆ ಒಂದೇ ರಾತ್ರಿಯಲ್ಲಿ ನೂರು ಸಿಗಬಹುದು, ವಯಸ್ಸು ಗೊತ್ತು, ಹೊರೆ ಕಡಿಮೆ. ಅಟ್ಟಾ ಟೆಕ್ಸಾನಾ ವಸಂತದಲ್ಲಿ ಮಳೆ ಬಂದ ಮೇಲೆ ಬೆಳಗಾಗುವ ಮುಂಚಿನ ಕತ್ತಲಲ್ಲಿ ಹಾರುತ್ತದೆ. ಪನಾಮಾದವು ಮಳೆಗಾಲದ ಆರಂಭಕ್ಕೆ, ಮೇ ತಿಂಗಳ ಹೊತ್ತಿಗೆ. ಆದರೆ ರಾಣಿಯರಲ್ಲಿ ಬಹುಪಾಲು ಸಾಯುತ್ತಾರೆ ಎಂದೇ ಲೆಕ್ಕ ಹಾಕಿ. ಮೊದಲ ಕೆಲಸಗಾರರು ಬರಲು ಎರಡು ತಿಂಗಳ ಆಸುಪಾಸು, ಪ್ರಯೋಗಕ್ಕೆ ಒದಗುವ ಗಾತ್ರಕ್ಕೆ ಒಂದು ವರ್ಷದ ಮೇಲೆ.

ಇಲ್ಲಿ ಹೊಸಬರು ಕೆಡಿಸುವುದು ಒಂದೇ ಕಡೆ. ಅಟ್ಟಾ ರಾಣಿ ಮೈಯ ಕೊಬ್ಬಿನ ಮೇಲೆಯೇ ಬದುಕಿ, ಬಾಯಿಯ ಚೀಲದಲ್ಲಿ ತವರಿನಿಂದ ತಂದ ಶಿಲೀಂಧ್ರದ ಗುಳಿಗೆಗೆ ತನ್ನ ಮಲವನ್ನೇ ಗೊಬ್ಬರ ಹಾಕುತ್ತಾಳೆ. ಅವಳನ್ನು ಒದ್ದೆ ಪ್ಲಾಸ್ಟರಿನ ಚಿಕ್ಕ ಡಬ್ಬಿಯಲ್ಲಿ ಕತ್ತಲಲ್ಲಿ ಬಿಟ್ಟು, ವಾರಕ್ಕೊಮ್ಮೆ ಇಣುಕಿದರೆ ಸಾಕು. ಆಕ್ರೊಮಿರ್ಮೆಕ್ಸ್ ರಾಣಿ ಹಾಗಲ್ಲ, ಟ್ರಾಕಿಮಿರ್ಮೆಕ್ಸ್ ರಾಣಿಯೂ ಅಲ್ಲ; ಅವರು ಹೊರಗೆ ಬಂದು ಗೊಬ್ಬರ ತರಲೇಬೇಕು. ಅವರಿಗೆ ಪಕ್ಕದಲ್ಲೊಂದು ಒಣ ಡಬ್ಬಿ, ಅದರಲ್ಲಿ ಎಳೆ ಎಲೆಯ ಚೂರೋ ಹಿಕ್ಕೆಯೋ ಇರಬೇಕು. ಒಬ್ಬರಿಗೆ ಮಾಡಿದ್ದನ್ನೇ ಇನ್ನೊಬ್ಬರಿಗೂ ಮಾಡಿದರೆ ಒಂದು ಕಡೆ ಬೂಷ್ಟು, ಇನ್ನೊಂದು ಕಡೆ ಉಪವಾಸ.

ಗುಳಿಗೆ ಸತ್ತರೆ ಅದೇ ಪ್ರಭೇದದ ಬೇರೆ ಗೂಡಿನಿಂದ ಕಡಲೆಕಾಳಿನಷ್ಟು ತೋಟ ಕೊಡಿ, ಒಂಟಿ ರಾಣಿ ಒಪ್ಪಿಕೊಳ್ಳುತ್ತಾಳೆ. ಬಲಿತ ಗೂಡು ಒಪ್ಪುವುದಿಲ್ಲ: ಬೇರೆ ತಳಿಯ ಶಿಲೀಂಧ್ರವನ್ನು ಕಿತ್ತು ಕಸಕ್ಕೆ ಹಾಕುತ್ತದೆ.

ಎರಡು ವರ್ಷದೊಳಗೆ ಫಲಿತಾಂಶ ಬೇಕಿದ್ದರೆ ಎಳೆಯ ಗೂಡನ್ನೇ ಅಗೆಯಿರಿ. ಅಟ್ಟಾದಲ್ಲಿ ಒಂದೇ ಬಾಗಿಲು, ಒಂದೇ ತೋಟ ಇರುವ ವರ್ಷದ ಮರಿಗೂಡು ಸರಿಯಾದ ಗುರಿ. ಬಲಿತ ಗೂಡಿನ ರಾಣಿಯನ್ನು ಹುಡುಕಲು ಯಂತ್ರವೇ ಬೇಕಾದೀತು.

ಡಬ್ಬಿ ಮತ್ತು ತೇವ

ಟ್ರಾಕಿಮಿರ್ಮೆಕ್ಸ್ ಮತ್ತು ಅದಕ್ಕಿಂತ ಚಿಕ್ಕವಕ್ಕೆ ಏಳೆಂಟು ಸೆಂ.ಮೀ. ಚೌಕದ ಪಾರದರ್ಶಕ ಡಬ್ಬಿ ಮೂರು. ನಡುವಿನದಕ್ಕೆ ಎರಡು ಪಾಲು ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಒಂದು ಪಾಲು ನೀರು ಕಲಸಿ ಒಂದೂವರೆ ಸೆಂ.ಮೀ. ದಪ್ಪ ಹಾಸಿ, ಪೂರ್ತಿ ಒಣಗಿಸಿ, ಆಮೇಲೆ ಹೀರುವಷ್ಟು ನೀರು ಕುಡಿಸಿ. ಮೇಲ್ಮೈಯಲ್ಲಿ ನೀರು ಮಿನುಗುತ್ತಿದ್ದರೆ ಹೆಚ್ಚಾಯಿತು ಎಂದರ್ಥ. ಅಕ್ಕಪಕ್ಕದ ಎರಡು ಡಬ್ಬಿ ಒಣಗಿರಲಿ, ಒಂದು ಊಟಕ್ಕೆ, ಒಂದು ಕಸಕ್ಕೆ. ಇರುವೆಗಳೇ ಯಾವುದು ಯಾವುದಕ್ಕೆ ಎಂದು ತೀರ್ಮಾನಿಸುತ್ತವೆ, ನಿಮ್ಮ ಚೀಟಿಗೆ ಬೆಲೆಯಿಲ್ಲ.

ಆಕ್ರೊಮಿರ್ಮೆಕ್ಸ್‌ಗೆ ಪ್ಲಾಸ್ಟರ್ ಬೇಕಿಲ್ಲ. ಅಗಲ ತೊಟ್ಟಿಯಲ್ಲಿ ತಟ್ಟೆ, ತಟ್ಟೆಯ ಮೇಲೆ ತೋಟ, ಅದರ ಮೇಲೆ ಲೀಟರಿನ ಬೀಕರ್ ಬೋರಲು. ಅಂಚಿನಡಿ ಐದಾರು ಮಿ.ಮೀ. ಸಂದು ಬಿಟ್ಟರೆ ಗೂಡು ತನ್ನ ತೇವವನ್ನು ತಾನೇ ಕಾಯ್ದುಕೊಳ್ಳುತ್ತದೆ. ತೋಟದ ಸುತ್ತ ತೇವಾಂಶ 90 ಶೇಕಡಾ ಮೀರಿರಬೇಕು, ಕೋಣೆಯಲ್ಲಿ 60–70 ಸಾಕು. ಉಷ್ಣಾಂಶ 24–26 ಡಿಗ್ರಿ. 30 ದಾಟಿದರೆ ಶಿಲೀಂಧ್ರ ಮೊದಲು ಸಾಯುತ್ತದೆ, ಇರುವೆ ಆಮೇಲೆ. ತೋಟದ ಮೇಲೆ ನೇರವಾಗಿ ನೀರು ಚಿಮುಕಿಸಬೇಡಿ. ಫ್ಲೂವಾನ್ ಒಣ ಗೋಡೆಗೆ ಮಾತ್ರ ಹಿಡಿಯುತ್ತದೆ, ತೇವವಿದ್ದಲ್ಲಿ ಬೇಗ ಕೆಡುತ್ತದೆ. ಅಗ್ಗದ ಬದಲಿ, ಆಲ್ಕೋಹಾಲಿನಲ್ಲಿ ಕಲಸಿದ ಟಾಲ್ಕಂ ಪೌಡರ್.

ಊಟ, ಮತ್ತು ಕೆಡುವುದು ಎಲ್ಲಿ

ಎಲೆ ಕತ್ತರಿಸುವವಕ್ಕೆ ಯುರೋಪಿನಲ್ಲಿ ಬ್ಲ್ಯಾಕ್‌ಬೆರಿ ಎಲೆ ನೆಚ್ಚಿನದು, ಚಳಿಗಾಲದಲ್ಲೂ ಹಸಿರು ಸಿಗುತ್ತದೆ. ಜೊತೆಗೆ ಸೇಬಿನ ಹೋಳು, ಒಣ ಅಕ್ಕಿ, ಓಟ್ಸ್. ಚಿಕ್ಕವಕ್ಕೆ ಮೆಕ್ಕೆಜೋಳದ ರವೆ, ಓಕ್ ಹೂಗೊಂಚಲು, ಕಂಬಳಿಹುಳುವಿನ ಹಿಕ್ಕೆ. ಹಿಕ್ಕೆಯನ್ನು ಒಣಗಿಸಿ ಫ್ರೀಜರಿನಲ್ಲಿಟ್ಟರೆ ತಿಂಗಳುಗಟ್ಟಲೆ ಬರುತ್ತದೆ. ರವೆ ಒಂದೇ ಸಲ ಹೆಚ್ಚು ಹಾಕಿದರೆ ಮರುದಿನ ಹಸಿರು ಬೂಷ್ಟು. ಚಿಟಿಕೆ ಹಾಕಿ, ಉಳಿದದ್ದು ತೆಗೆಯಿರಿ.

ಗೂಡುಗಳನ್ನು ಕೊಲ್ಲುವುದರಲ್ಲಿ ರೋಗಕ್ಕಿಂತ ಔಷಧಿ ಹೊಡೆದ ಎಲೆಯೇ ಮುಂದು. ನರ್ಸರಿಯಿಂದ ತಂದ ಗುಲಾಬಿ ಗಿಡದ ಒಳಗೇ ಕೀಟನಾಶಕ ಇರಬಹುದು, ತೊಳೆದರೆ ಹೋಗದು. ಶಿಲೀಂಧ್ರನಾಶಕ ಇನ್ನೂ ಕಳ್ಳ: ಇರುವೆ ಮೊದಲ ದಿನ ಎಲೆ ಹೊತ್ತೊಯ್ಯುತ್ತದೆ, ತೋಟ ನರಳಿದ ಮೇಲೆ ಆ ಎಲೆಯನ್ನು ತಿರಸ್ಕರಿಸಲು ಶುರುಮಾಡಿ ವಾರಗಟ್ಟಲೆ ಮುಟ್ಟುವುದಿಲ್ಲ. ಹಾಗಾಗಿ ಹೊಸ ಜಾಗದ ಎಲೆಯನ್ನು ಮೊದಲು ಒಂದು ಉಪಗೂಡಿಗೆ ಎರಡು ವಾರ ಹಾಕಿ ನೋಡಿ, ಒಂದು ದಿನದ ಪರೀಕ್ಷೆಗೆ ಅರ್ಥವಿಲ್ಲ.

ಆರೋಗ್ಯದ ತೋಟ ಮೇಲೆ ಹೊಸ ಎಲೆಯ ಕಡು ಬಣ್ಣ, ನಡುವೆ ಬೂದುಬಿಳಿ, ತಳದಲ್ಲಿ ಹಳದಿಗಂದು. ಹಸಿರು ಬೂಷ್ಟು ಕಂಡರೆ ಟ್ರೈಕೊಡರ್ಮ, ಸಾಮಾನ್ಯವಾಗಿ ಅತಿ ತೇವದ ಗುರುತು. ತೋಟದ ಮೇಲೆ ಹತ್ತಿಯಂತೆ ಎದ್ದು ಕಂದುಬಣ್ಣಕ್ಕೆ ತಿರುಗುವ ಬೂಷ್ಟು, ತೋಟದ ಪರಾವಲಂಬಿಯಾದ ಎಸ್ಕೊವೊಪ್ಸಿಸ್ ಇರಬಹುದು. ಆ ಗೂಡನ್ನು ಬೇರೆ ಕೋಣೆಗೆ ಸಾಗಿಸಿ, ಚಿಮಟಿ ಹಂಚಿಕೊಳ್ಳಬೇಡಿ. ಅಗೆದು ತಂದ ಗೂಡುಗಳಲ್ಲಿ ಇದು ಮೊದಲಿಂದಲೇ ಇರುವುದು ಸಾಮಾನ್ಯ, ಆದ್ದರಿಂದ ಹೊಸ ಗೂಡನ್ನು ತಿಂಗಳಾದರೂ ಪ್ರತ್ಯೇಕ ಇಡಿ. ಕಸ ವಾರಕ್ಕೊಮ್ಮೆ ತೆಗೆದು ಆಟೊಕ್ಲೇವ್‌ಗೆ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಹಾಕಿ. ತೋಟ ಚೆನ್ನಾಗಿದ್ದೂ ಮೊಟ್ಟೆ, ಮರಿಹುಳು ಕಡಿಮೆಯಾಗುತ್ತ ಬಂದರೆ ರಾಣಿಯನ್ನು ಹುಡುಕಿ. ಅವಳು ಹೋಗಿ ತಿಂಗಳುಗಳಾದರೂ ಕೆಲಸಗಾರರು ಏನೂ ಆಗದ ಹಾಗೆ ದುಡಿಯುತ್ತಿರುತ್ತಾರೆ.

ಕಾಗದ, ಮತ್ತು ಭಾರತದಲ್ಲಿ ಕೂತವರಿಗೆ

ಅಮೆರಿಕದೊಳಗೇ ರಾಜ್ಯದಿಂದ ರಾಜ್ಯಕ್ಕೆ ಎಲೆ ಕತ್ತರಿಸುವ ಇರುವೆ ಒಯ್ಯಲು ಕೃಷಿ ಇಲಾಖೆಯ ಪಿಪಿಕ್ಯು 526 ಪರವಾನಗಿ ಬೇಕು. ಪನಾಮಾದಿಂದ ತರುವುದಾದರೆ ಅಲ್ಲಿನ ಪರಿಸರ ಸಚಿವಾಲಯದ ಸಂಗ್ರಹ ಮತ್ತು ರಫ್ತು ಅನುಮತಿಗಳು ಬೇರೆ. ಹಾರಾಟದ ಕಾಲ ನೋಡಿ ಅರ್ಜಿ ಹಾಕುವುದಲ್ಲ, ಹಿಂದಿನ ವರ್ಷವೇ ಹಾಕಬೇಕು.

ಬೆಂಗಳೂರಿಗೋ ಧಾರವಾಡಕ್ಕೋ ಅಟ್ಟಾ ತರಿಸುವ ಯೋಚನೆ ಇದ್ದರೆ ಬಿಡಿ. ಜೀವಂತ ಕೀಟದ ಆಮದಿಗೆ 2003ರ ಸಸ್ಯ ಕ್ವಾರಂಟೈನ್ ಆದೇಶದಡಿ ಅನುಮತಿ ಬೇಕು. ಬೆಳೆನಾಶಕ ಎಂದೇ ಹೆಸರಾದ ಕೀಟಕ್ಕೆ ಅದು ಸಿಗುತ್ತದೆಂದು ನಂಬಿ ಸಂಶೋಧನಾ ಯೋಜನೆ ಬರೆಯುವುದು ಬೇಡ. ಬೇಸಾಯಗಾರ ಕೀಟ ನಮ್ಮಲ್ಲೇ ಇದೆ: ಹುತ್ತ ಕಟ್ಟುವ ಒಡೊಂಟೊಟರ್ಮಿಸ್ ಗೆದ್ದಲು, ಅದು ಬೆಳೆಸುವ ಟರ್ಮಿಟೊಮೈಸಿಸ್. ಮಳೆ ಬಿದ್ದಾಗ ಹುತ್ತದ ಮೇಲೆ ಏಳುವ ಅಣಬೆ ಅದರದ್ದೇ. ರಾಣಿಯ ಸಮೇತ ಇಡೀ ಗೂಡು ಸಾಕುವುದು ಕಷ್ಟ. ಆದರೆ ತೋಟದ ತುಂಡು, ಕೆಲಸಗಾರ ಗೆದ್ದಲು ಇಟ್ಟುಕೊಂಡು ಬೂಷ್ಟು ತಡೆಯುವ ಪ್ರಯೋಗ ಚೆನ್ನಾಗಿ ಆಗುತ್ತದೆ. ಗೆದ್ದಲು ತೆಗೆದರೆ ಕೆಲವೇ ದಿನಗಳಲ್ಲಿ ಕ್ಸೈಲೇರಿಯ ಎಂಬ ಕಳೆ ಶಿಲೀಂಧ್ರ ಮೇಲೆದ್ದು ಬರುವುದನ್ನು ಕಣ್ಣಾರೆ ನೋಡಬಹುದು.

ಅಟ್ಟಾ ಕಡೆಗೇ ಮನಸ್ಸು ವಾಲುತ್ತಿರುವವರು ಅರ್ಜಿಗೆ ಸಹಿ ಹಾಕುವ ಮುನ್ನ ಗೂಡಿನ ಮುಂದಿನ ವಾರಸುದಾರ ಯಾರು ಎಂದು ಬರೆದಿಡಿ. ರಾಣಿ ಹತ್ತು ವರ್ಷ ದಾಟಿಯೂ ಬದುಕಬಲ್ಲಳು, ಪಿಎಚ್‌ಡಿ ಐದಾರು ವರ್ಷಕ್ಕೆ ಮುಗಿಯುತ್ತದೆ. ಪರವಾನಗಿ ಇರುವ ಬೇರೆ ಪ್ರಯೋಗಾಲಯವೋ ಮ್ಯೂಸಿಯಮ್ಮೋ ಒಪ್ಪದಿದ್ದರೆ ಉಳಿಯುವ ದಾರಿ ಒಂದೇ: ಗೂಡು, ತೋಟ, ಕಸ ಎಲ್ಲವನ್ನೂ ಮೈನಸ್ 20 ಡಿಗ್ರಿ ಫ್ರೀಜರಿನಲ್ಲಿ ಕೆಲವು ದಿನ ಇಟ್ಟು, ಆಮೇಲೆ ಆಟೊಕ್ಲೇವ್ ಮಾಡಿ, ಪರವಾನಗಿ ಕೊಟ್ಟ ಇಲಾಖೆಗೆ ತಿಳಿಸುವುದು.